ತಾರಸಿ, ಬಚ್ಚಲು, ಸಂಪು, ಗೋಡೆ: ಯಾವುದಕ್ಕೆ ಯಾವ ವಾಟರ್‌ಪ್ರೂಫಿಂಗ್? ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳಲ್ಲಿ ನಾಲ್ಕು ಹನಿ ಬಿತ್ತು ಅಂದರೆ ಸಾಕು, ನನಗೆ ಫೋನ್ ಶುರು. "ಸರ್, ತಾರಸಿ ಸೋರ್ತಿದೆ, ಯಾವ ಕೆಮಿಕಲ್ ಒಳ್ಳೇದು?" ನಾನು ಸಿವಿಲ್ ಎಂಜಿನಿಯರ್. ಶಿವಮೊಗ್ಗದ ಕಡೆಯೂ ಬೆಂಗಳೂರಿನಲ್ಲೂ ಮನೆ ಕೆಲಸಗಳನ್ನು ನೋಡಿಕೊಂಡಿದ್ದೇನೆ. ಒಂದು ಹೆಸರು ಹೇಳಿ ಫೋನ್ ಇಡುವುದು ಸುಲಭ. ಆದರೆ ಅದೇ ಡಬ್ಬಿಯ ಮಾಲು ಒಬ್ಬರ ಮನೆಯಲ್ಲಿ ಎಂಟು ವರ್ಷ ಬಾಳಿದ್ದನ್ನೂ ಇನ್ನೊಬ್ಬರ ಮನೆಯಲ್ಲಿ ಎಂಟೇ ತಿಂಗಳಿಗೆ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂದದ್ದನ್ನೂ ನೋಡಿದ್ದೇನೆ. ಮಾಲು ಒಂದೇ, ಜಾಗ ಬೇರೆ, ನೀರು ಬರುವ ದಾರಿ ಬೇರೆ. ಅದಕ್ಕೇ ಎಲ್ಲರೂ ಕೇಳುವ ಪ್ರಶ್ನೆಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಎಲ್ಲಾ ಕಡೆಗೂ ಆಗುವ ಒಂದೇ ಕೆಮಿಕಲ್ ಇಲ್ವಾ?

ಇಲ್ಲ. ನೀರು ಮನೆಯನ್ನು ಮೂರು ತರ ಕಾಡುತ್ತದೆ. ತಾರಸಿ, ಸಜ್ಜಾ, ಹೊರಗೋಡೆಯ ಮೇಲೆ ಬಿದ್ದು ಹರಿದು ಹೋಗುತ್ತದೆ. ಸಂಪು, ಟ್ಯಾಂಕು, ಬಚ್ಚಲಿನ ಸಂಕನ್ ಸ್ಲ್ಯಾಬಿನಲ್ಲಿ (ಪೈಪು ಹಾಯಿಸಲು ತಗ್ಗಿಸಿ ಹಾಕಿದ ಸ್ಲ್ಯಾಬು) ನಿಂತು ಒತ್ತುತ್ತದೆ. ಬೇಸ್‌ಮೆಂಟ್ ಗೋಡೆಗೆ ಹಿಂದಿನಿಂದ ಬರುತ್ತದೆ, ಪಾಯದಿಂದ ಮೇಲಕ್ಕೂ ಏರುತ್ತದೆ. ನೀವು ನೋಡುತ್ತಿರುವ ಜಾಗದಲ್ಲಿ ಇದರಲ್ಲಿ ಯಾವುದು ಅಂತ ಗೊತ್ತಾದರೆ ಮುಕ್ಕಾಲು ಆಯ್ಕೆ ಮುಗಿದ ಹಾಗೆ.

ಇದರ ಜೊತೆ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 10 ಮೀಟರ್ ಉದ್ದದ ಕಾಂಕ್ರೀಟ್ ಸ್ಲ್ಯಾಬು 30 ಡಿಗ್ರಿ ಬಿಸಿಯಾದರೆ ಸುಮಾರು 3 ಮಿ.ಮೀ. ಹಿಗ್ಗುತ್ತದೆ, ರಾತ್ರಿ ತಣ್ಣಗಾದಾಗ ಮತ್ತೆ ಕುಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನ ಕಾದ ತಾರಸಿ ಮೇಲೆ ದಿಢೀರ್ ಮಳೆ ಬಿದ್ದಾಗಲಂತೂ ಆ ಎಳೆದಾಟ ನಿಮಿಷಗಳಲ್ಲೇ ಆಗುತ್ತದೆ. ಗಟ್ಟಿ ಸಿಮೆಂಟ್ ಪದರ ಅಲ್ಲಿ ಸೀಳುತ್ತದೆ, ಹಾಗಾಗಿ ತಾರಸಿಗೆ ರಬ್ಬರಿನ ಹಾಗೆ ಎಳೆದರೆ ಬರುವ ವಸ್ತು ಬೇಕು. ನೆಲದೊಳಗಿನ ಸಂಪಿಗೆ ಬಿಸಿಲಿನ ಚಿಂತೆ ಇಲ್ಲ. ಅಲ್ಲಿ ಬೇಕಾದದ್ದು ಕಾಂಕ್ರೀಟನ್ನು ಕಚ್ಚಿ ಹಿಡಿಯುವ, ಕುಡಿಯುವ ನೀರನ್ನು ಕೆಡಿಸದ ವಸ್ತು.

ನೀರು ಎಲ್ಲಿಂದ ಬರ್ತಿದೆ ಅಂತ ಕಂಡುಹಿಡಿಯೋದು ಹೇಗೆ?

ದುಡ್ಡು ಖರ್ಚು ಮಾಡುವ ಮೊದಲು ಈ ಕೆಲಸಕ್ಕೆ ಒಂದು ವಾರ ಕೊಡಿ.

ಮಳೆ ಬಂದಾಗ ಮಾತ್ರ ಒದ್ದೆಯಾಗುತ್ತದಾ, ಬೇಸಿಗೆಯಲ್ಲೂ ಹಾಗೇ ಇರುತ್ತದಾ ಅಂತ ಮೊದಲು ನೋಡಿ. ವರ್ಷವಿಡೀ ಒದ್ದೆ ಇದ್ದರೆ ಅನುಮಾನ ಪೈಪಿನ ಮೇಲೆ. ಮನೆಯ ಎಲ್ಲಾ ನಲ್ಲಿ ಬಂದ್ ಮಾಡಿ, ಓವರ್‌ಹೆಡ್ ಟ್ಯಾಂಕಿಗೆ ನೀರು ಏರಿಸದೆ, ರಾತ್ರಿ ಟ್ಯಾಂಕಿನ ಮಟ್ಟ ಗುರುತು ಹಾಕಿ ಬೆಳಗ್ಗೆ ನೋಡಿ. ಇಳಿದಿದ್ದರೆ ಎಲ್ಲೋ ಲೈನ್ ಸೋರುತ್ತಿದೆ ಅಂತ ಅರ್ಥ (ಫ್ಲಶ್ ಟ್ಯಾಂಕ್ ಸೋರುತ್ತಿಲ್ಲ ಅಂತಲೂ ಖಾತ್ರಿ ಮಾಡಿಕೊಳ್ಳಿ). ಪೈಪ್ ಸೋರಿಕೆಗೆ ಯಾವ ಕೋಟಿಂಗೂ ಮದ್ದಲ್ಲ.

ಮಳೆಗೆ ಮಾತ್ರ ಆಗುವುದಾದರೆ ಕಲೆ ಎಲ್ಲಿದೆ ನೋಡಿ. ಸ್ಲ್ಯಾಬಿನ ನಡುವೆ ಇದ್ದರೆ ತಾರಸಿ. ಸ್ಲ್ಯಾಬು ಮತ್ತು ಗೋಡೆ ಸೇರುವ ಮೂಲೆಯುದ್ದಕ್ಕೂ ಇದ್ದರೆ ಹೆಚ್ಚಾಗಿ ಮೇಲಿನ ಪ್ಯಾರಾಪೆಟ್, ಅಂದರೆ ತಾರಸಿ ಸುತ್ತಲಿನ ಗಿಡ್ಡ ಗೋಡೆಯ ಬುಡ. ಕಿಟಕಿ ಮೇಲ್ಗಡೆ ಇದ್ದರೆ ಸಜ್ಜಾ. ನೆಲಮಹಡಿಯ ಗೋಡೆಯಲ್ಲಿ ಕೆಳಗಿನ ಎರಡು ಮೂರು ಅಡಿ ಮಾತ್ರ ಹಸಿ ಇದ್ದು ಬಿಳಿ ಉಪ್ಪು ಹೊರಬಂದಿದ್ದರೆ ಅದು ನೆಲದಿಂದ ಏರುತ್ತಿರುವ ತೇವ.

ಒಂದು ವಿಷಯದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಫ್ಯಾನ್ ಹುಕ್ಕಿನಿಂದ ನೀರು ತೊಟ್ಟಿಕ್ಕಿದರೆ ನೇರ ಮೇಲೆಯೇ ಬಿರುಕು ಇದೆ ಅಂತ ಅಲ್ಲ. ಸ್ಲ್ಯಾಬಿನೊಳಗೆ ವಯರಿಂಗ್ ಪೈಪು ಹೋಗಿರುತ್ತದೆ. ನೀರು ಹತ್ತು ಅಡಿ ಆಚೆ ಒಳಹೊಕ್ಕು, ಆ ಪೈಪನ್ನೇ ಕಾಲುವೆ ಮಾಡಿಕೊಂಡು ಬಂದು ಫ್ಯಾನ್ ಹತ್ತಿರ ಇಳಿಯುತ್ತದೆ. ಅನುಮಾನ ಇದ್ದರೆ ತಾರಸಿಯನ್ನು ಗಾರೆಯ ಸಣ್ಣ ಬದುವಿನಿಂದ ನಾಲ್ಕು ಭಾಗ ಮಾಡಿ, ಒಂದೊಂದೇ ಭಾಗದಲ್ಲಿ ಎರಡು ಇಂಚು ನೀರು ನಿಲ್ಲಿಸಿ, ಒಂದೊಂದು ದಿನ ಕಾಯಿರಿ. ಯಾವ ಭಾಗ ತುಂಬಿದಾಗ ಕೆಳಗೆ ಒದ್ದೆಯಾಯಿತೋ ಅಲ್ಲಿ ಹುಡುಕಿ.

ಒಳಗೋಡೆಯಲ್ಲಿ ಬರೀ ಬೂಸಲು ಇದ್ದರೆ ಅಲ್ಯೂಮಿನಿಯಂ ಫಾಯಿಲ್ ತುಂಡನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದೆರಡು ದಿನ ಬಿಡಿ. ಫಾಯಿಲ್ಲಿನ ಹಿಂದೆ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಮುಂದೆ ಕಟ್ಟಿದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆಗೆದು ಗಾಳಿ ಆಡಿಸಿದರೆ ಸಾಕು.

ಹೊಸ ಮನೆ ಕಟ್ಟಿಸ್ತಿದ್ದೀವಿ. ತಾರಸಿಗೆ ಏನು ಹಾಕಿಸಲಿ?

ಕೋಟಿಂಗ್ ಮಾತು ಆಮೇಲೆ. ಮೊದಲು ಮೂರು ವಿಷಯ ಸರಿ ಮಾಡಿಸಿ.

ಮೊದಲನೆಯದು ಕಾಂಕ್ರೀಟು. ಮಿಕ್ಸರಿನಿಂದ ಸುಲಭವಾಗಿ ಹರಿಯಲಿ ಅಂತ ಬಕೆಟ್‌ಗಟ್ಟಲೆ ನೀರು ಸುರಿಯುತ್ತಾರೆ. 50 ಕೆ.ಜಿ. ಸಿಮೆಂಟ್ ಚೀಲಕ್ಕೆ 25 ಲೀಟರ್ ನೀರು ದಾಟಬಾರದು, ಮರಳಿನಲ್ಲಿರುವ ನೀರೂ ಸೇರಿ. ಜಾಸ್ತಿಯಾದ ನೀರು ಆಮೇಲೆ ಆರಿಹೋಗುತ್ತದೆ, ಅದು ಇದ್ದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಉಳಿಯುತ್ತದೆ. ಮಳೆ ನೀರು ಇಳಿಯುವುದು ಅದೇ ದಾರಿಯಲ್ಲಿ. ಆಮೇಲೆ ಕ್ಯೂರಿಂಗ್. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್ ಆದರೆ ಕನಿಷ್ಠ 10 ದಿನ, ಬಿಸಿಲುಗಾಲವಾದರೆ 14 ದಿನ ಬದು ಕಟ್ಟಿ ನೀರು ನಿಲ್ಲಿಸಿ. ಬೆಳಗ್ಗೆ ಸಂಜೆ ಪೈಪಿನಲ್ಲಿ ಚಿಮುಕಿಸುವುದು ಸಾಲದು.

ಎರಡನೆಯದು ವಾಟ, ಅಂದರೆ ನೀರು ಹರಿಯುವ ಇಳಿಜಾರು. ನೂರಕ್ಕೆ ಒಂದರಂತೆ, ಹತ್ತು ಅಡಿಗೆ ಒಂದೂಕಾಲು ಇಂಚು ಇಳಿಯಬೇಕು. ಲೆಕ್ಕ ಹಾಕಿ ನೋಡಿ: 1,000 ಚದರ ಅಡಿ ತಾರಸಿ ಮೇಲೆ 50 ಮಿ.ಮೀ. ಮಳೆ ಬಿದ್ದರೆ 4,600 ಲೀಟರ್ ನೀರಾಗುತ್ತದೆ, ಹೆಚ್ಚು ಕಡಿಮೆ ಒಂದು ಟ್ಯಾಂಕರ್. ಬೆಂಗಳೂರಿನಲ್ಲಿ ಇಷ್ಟು ಮಳೆ ಒಂದೇ ಗಂಟೆಯಲ್ಲಿ ಬೀಳುವ ದಿನಗಳಿವೆ. ಅದು ಹೊರಗೆ ಹೋಗಲು ನಾಲ್ಕು ಇಂಚಿನ ಪೈಪು ಕನಿಷ್ಠ ಎರಡು ಬೇಕು, ಮಲೆನಾಡು ಕರಾವಳಿಯಲ್ಲಿ ಮೂರು. ಪೈಪಿನ ಬಾಯಿ ತಾರಸಿ ನೆಲಕ್ಕಿಂತ ಅರ್ಧ ಇಂಚು ತಗ್ಗಿನಲ್ಲಿರಲಿ. ಬಹಳ ಮನೆಗಳಲ್ಲಿ ಅದು ಅರ್ಧ ಇಂಚು ಎತ್ತರಕ್ಕಿರುತ್ತದೆ, ಸುತ್ತ ನೀರು ನಿಂತು ಪಾಚಿ ಕಟ್ಟಿರುತ್ತದೆ.

ಮೂರನೆಯದು ಪ್ಯಾರಾಪೆಟ್ ಬುಡ. ಸ್ಲ್ಯಾಬು ಕಾಂಕ್ರೀಟು, ಪ್ಯಾರಾಪೆಟ್ ಇಟ್ಟಿಗೆ ಅಥವಾ ಬ್ಲಾಕು. ಎರಡೂ ಒಂದೇ ತರ ಹಿಗ್ಗುವುದಿಲ್ಲ, ಸೇರುವ ಕಡೆ ಬಿರುಕು ಬಂದೇ ಬರುತ್ತದೆ. ನಾನು ನೋಡಿದ ಸೋರುವ ತಾರಸಿಗಳಲ್ಲಿ ಜಾಸ್ತಿ ಸೋರಿದ್ದು ಇಲ್ಲಿಂದಲೇ. ಆ ಮೂಲೆಯನ್ನು ಗಾರೆಯಿಂದ ಗುಂಡಗೆ ಮಾಡಿಸಿ. ಮುಂದೆ ಹಾಕುವ ಪದರ ಏನೇ ಇರಲಿ, ಪ್ಯಾರಾಪೆಟ್ ಮೇಲೆ ಒಂದಡಿ ಹತ್ತಲಿ. ಮೂಲೆಯಲ್ಲಿ ಕೋಟಿಂಗಿನ ನಡುವೆ ಫೈಬರ್ ಬಲೆ ಇರಲಿ.

ಇಷ್ಟಾದ ಮೇಲೆ ಆಯ್ಕೆ. ನಡೆದಾಡುವ, ಬಟ್ಟೆ ಒಣಹಾಕುವ, ಹಪ್ಪಳ ಸಂಡಿಗೆ ಹಾಕುವ ತಾರಸಿಯಾದರೆ ಸ್ಲ್ಯಾಬಿನ ಮೇಲೆ ಒಂದು ಕೋಟಿಂಗ್, ಅದರ ಮೇಲೆ ವಾಟದ ಗಾರೆ ಅಥವಾ ಕೋಬಾ (ಇಟ್ಟಿಗೆ ಚೂರಿನ ಪದರ), ಮೇಲೆ ಟೈಲ್ಸ್. ಯಾರೂ ಓಡಾಡದ ತಾರಸಿಗೆ ಮೇಲ್ಮೈ ಮೇಲೇ ಬಳಿಯುವ, ರಬ್ಬರಿನಂಥ ಪಿಯು ಕೋಟಿಂಗ್ ಸಾಕು. ಮುಂದೆ ಇನ್ನೊಂದು ಮಹಡಿ ಏರಿಸುವ ಯೋಚನೆ ಇದ್ದರೆ ದುಬಾರಿ ಪದರಕ್ಕೆ ಹೋಗಬೇಡಿ, ಆಗ ಅದನ್ನು ಕಿತ್ತೇ ಕೀಳುತ್ತಾರೆ.

ಬ್ರಿಕ್ ಬ್ಯಾಟ್ ಕೋಬಾ ಹಳೇ ಕಾಲದ್ದು ಅಂತಾರೆ. ಬೇಡ್ವಾ?

ಹಳೆಯದು ನಿಜ, ಕೆಟ್ಟದ್ದಲ್ಲ. ನೆನೆಸಿದ ಇಟ್ಟಿಗೆ ಚೂರನ್ನು ವಾಟರ್‌ಪ್ರೂಫ್ ಪುಡಿ ಅಥವಾ ದ್ರಾವಣ ಬೆರೆಸಿದ ಗಾರೆಯಲ್ಲಿ ಕೂರಿಸಿ, ಮೇಲೆ ನುಣ್ಣಗೆ ಮಾಡಿ, ಹಗ್ಗ ಒತ್ತಿ ಚೌಕಳಿ ಗೆರೆ ಹಾಕುತ್ತಾರಲ್ವಾ, ಅದೇ. ವಾಟ ಚೆನ್ನಾಗಿ ಸಿಗುತ್ತದೆ. ಕೆಳಗಿನ ಕೋಣೆ ತಂಪಾಗಿರುತ್ತದೆ. ಓಡಾಟಕ್ಕೆ ಜಗ್ಗುವುದಿಲ್ಲ.

ತೊಂದರೆ ಎರಡು. ಒಂದು ಭಾರ. ನಾಲ್ಕು ಇಂಚು ದಪ್ಪದ ಕೋಬಾ ಒಂದು ಚದರ ಅಡಿಗೆ 17-18 ಕೆ.ಜಿ. ಬರುತ್ತದೆ, 1,000 ಚದರ ಅಡಿಗೆ 17 ಟನ್ ದಾಟುತ್ತದೆ. ಹೊಸ ಮನೆಯ ಡಿಸೈನಿನಲ್ಲಿ ಇದನ್ನು ಲೆಕ್ಕ ಹಿಡಿದಿರಬೇಕು. ಹಳೇ ಕೋಬಾ ಸೋರಿತು ಅಂತ ಅದರ ಮೇಲೇ ಇನ್ನೊಂದು ಕೋಬಾ ಹಾಕಿಸುವುದನ್ನು ಯಾವತ್ತೂ ಒಪ್ಪಬೇಡಿ. ಇನ್ನೊಂದು ತೊಂದರೆ, ಎಲ್ಲಾದರೂ ಬಿರುಕು ಬಿಟ್ಟು ನೀರು ಒಳಗೆ ಇಳಿದರೆ ಇಟ್ಟಿಗೆ ಸ್ಪಂಜಿನ ಹಾಗೆ ಹೀರಿ ಇಟ್ಟುಕೊಳ್ಳುತ್ತದೆ. ಮಳೆ ನಿಂತು ವಾರವಾದರೂ ಕೆಳಗೆ ತೊಟ್ಟಿಕ್ಕುತ್ತಲೇ ಇರುತ್ತದೆ. ಅದಕ್ಕೇ ಕೋಬಾ ಕೆಳಗೆ, ಸ್ಲ್ಯಾಬಿಗೆ ಅಂಟಿದ ಹಾಗೆ, ಸಿಮೆಂಟ್-ಪಾಲಿಮರ್ ಕೋಟಿಂಗ್ (ಸಿಮೆಂಟ್ ಪುಡಿಗೆ ಹಾಲಿನಂಥ ದ್ರಾವಣ ಕಲಸಿ ಬಳಿಯುವುದು) ಇರಲೇಬೇಕು ಅಂತ ನಾನು ಹಟ ಹಿಡಿಯುತ್ತೇನೆ.

ಬಿಳಿ ಪೇಂಟಿನ ತರ ಬಳಿಯುವ ಕೋಟಿಂಗ್ ಸಾಕಾ?

ಅದು ಅಕ್ರಿಲಿಕ್. ಅಗ್ಗ, ಬಳಿಯುವುದು ಸುಲಭ, ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುವುದರಿಂದ ಮನೆ ತಂಪು. ವಾಟ ಚೆನ್ನಾಗಿರುವ, ದೊಡ್ಡ ಬಿರುಕಿಲ್ಲದ ತಾರಸಿಗೆ ಮೂರರಿಂದ ಐದು ವರ್ಷ ಬರುತ್ತದೆ. ನೀರು ನಿಲ್ಲುವ ಕಡೆ ಬರುವುದಿಲ್ಲ. ದಿನಗಟ್ಟಲೆ ನೀರಿನಲ್ಲಿ ನೆನೆದರೆ ಮೆತ್ತಗಾಗಿ ಏಳುತ್ತದೆ.

ಇದರಲ್ಲಿ ನಮ್ಮ ಮನೆಗೇ ಪೆಟ್ಟು ಬಿದ್ದಿದೆ. ಶಿವಮೊಗ್ಗದ ನಮ್ಮ ಮನೆ ತಾರಸಿಗೆ ಒಂದು ಮೇ ತಿಂಗಳಲ್ಲಿ ಕೋಟಿಂಗ್ ಮಾಡಿಸಿದೆವು. ಹಿಂದಿನ ಸಂಜೆ ಅಡ್ಡಮಳೆ ಬಂದಿತ್ತು. ಬೆಳಗ್ಗೆ ಹತ್ತಕ್ಕೆ ಮೇಲೆ ನೋಡಲು ಒಣಗಿತ್ತು, ಕೆಲಸದವರು ಶುರು ಮಾಡಿಬಿಟ್ಟರು. ಸ್ಲ್ಯಾಬಿನೊಳಗೆ ಉಳಿದ ನೀರು ಬಿಸಿಲಿಗೆ ಆವಿಯಾಗಿ ಮೇಲೆ ಬರಲು ನೋಡಿತು, ಪದರ ಬಿಡಲಿಲ್ಲ. ಹತ್ತೇ ದಿನದಲ್ಲಿ ತಾರಸಿ ತುಂಬ ದೋಸೆಯ ಮೇಲಿನ ಹಾಗೆ ಗುಳ್ಳೆ. ಜೂನ್ ಮಳೆಗೆ ಗುಳ್ಳೆ ಒಡೆದು ಮತ್ತೆ ಮೊದಲಿನ ಹಾಗೇ ಸೋರಿತು. ಪೂರ್ತಿ ಕೆರೆಸಿ ಮತ್ತೆ ಮಾಡಿಸಬೇಕಾಯಿತು.

ಆವತ್ತಿನಿಂದ ಒಂದು ಪರೀಕ್ಷೆ ಮಾಡದೆ ಯಾರಿಗೂ ಬ್ರಷ್ ಮುಟ್ಟಲು ಬಿಡುವುದಿಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ತೆಗೆದುಕೊಂಡು ನಾಲ್ಕೂ ಅಂಚಿಗೆ ಟೇಪ್ ಹಾಕಿ ತಾರಸಿಗೆ ಅಂಟಿಸಿ. 16 ಗಂಟೆ ಬಿಟ್ಟು ತೆಗೆಯಿರಿ. ಹಾಳೆಯ ಒಳಗೆ ಹನಿ ಇದ್ದರೆ ಅಥವಾ ಕಾಂಕ್ರೀಟು ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಖರ್ಚು ಏನೂ ಇಲ್ಲ, ಅಲ್ವಾ?

ಪಿಯು ಅಂದ್ರೆ ಏನು? ಅಷ್ಟೊಂದು ದುಬಾರಿ ಯಾಕೆ?

ಪಾಲಿಯುರೆಥೇನ್. ಬಳಿದು ಒಣಗಿದ ಮೇಲೆ ಒಂದೂ ಜೋಡಣೆ ಇಲ್ಲದ ರಬ್ಬರ್ ಹಾಳೆಯ ಹಾಗೆ ಆಗುತ್ತದೆ. ಕೆಳಗಿನ ಬಿರುಕು ಸ್ವಲ್ಪ ಬಾಯಿ ತೆರೆದರೂ ಇದು ಹರಿಯದೆ ಹಿಗ್ಗುತ್ತದೆ. ನೀರು ಸ್ವಲ್ಪ ನಿಂತರೂ ಅಕ್ರಿಲಿಕ್‌ಗಿಂತ ಚೆನ್ನಾಗಿ ತಡೆಯುತ್ತದೆ. ಪೈಪು, ಕಂಬ, ಮೂಲೆ ಜಾಸ್ತಿ ಇರುವ ತಾರಸಿಗೆ ಇದೇ ಸರಿ, ಯಾಕೆಂದರೆ ಅಲ್ಲಿ ಹಾಳೆ ಕತ್ತರಿಸಿ ಅಂಟಿಸುವುದು ಕಷ್ಟ.

ಕೊಳ್ಳುವಾಗ ಒಂದು ಕೇಳಿ. ಪಿಯುನಲ್ಲಿ ಅರೋಮ್ಯಾಟಿಕ್, ಅಲಿಫ್ಯಾಟಿಕ್ ಅಂತ ಎರಡು ಬಗೆ. ಅರೋಮ್ಯಾಟಿಕ್ ಅಗ್ಗ, ಆದರೆ ನೇರ ಬಿಸಿಲಿಗೆ ಹಳದಿಯಾಗಿ ಪುಡಿ ಬಿಡುತ್ತದೆ. ಅದನ್ನು ಹಾಕಿದರೆ ಮೇಲೆ ಅಲಿಫ್ಯಾಟಿಕ್ ಟಾಪ್ ಕೋಟ್ ಬೇಕು, ಇಲ್ಲಾ ಗಾರೆ ಮತ್ತು ಟೈಲ್ಸಿನಿಂದ ಮುಚ್ಚಬೇಕು. ಬರೀ "ಪಿಯು ಕೋಟಿಂಗ್" ಅಂತ ಬರೆದ ಕೊಟೇಶನ್ನಿಗೆ ಸಹಿ ಹಾಕಬೇಡಿ.

ಗ್ಯಾಸ್ ಬೆಂಕಿ ಹಿಡಿದು ಅಂಟಿಸುವ ಕಪ್ಪು ಹಾಳೆ ಹೇಗೆ?

ಅದು ಎಪಿಪಿ ಮೆಂಬ್ರೇನ್. ಡಾಂಬರಿಗೆ ಪ್ಲಾಸ್ಟಿಕ್ ಬೆರೆಸಿ ಮಾಡಿದ 3 ಅಥವಾ 4 ಮಿ.ಮೀ. ದಪ್ಪದ ಹಾಳೆ. ಒಂದು ಮೀಟರ್ ಅಗಲ, 10 ಮೀಟರ್ ಉದ್ದದ ಸುರುಳಿ. ದಪ್ಪ ಕಾರ್ಖಾನೆಯಲ್ಲೇ ನಿಗದಿಯಾಗಿರುವುದರಿಂದ ಬಳಿಯುವವರ ಕೈಗುಣದ ಮೇಲೆ ದಪ್ಪ ನಿಂತಿಲ್ಲ, ಇದು ದೊಡ್ಡ ಲಾಭ. ದೊಡ್ಡ, ಬೋಳು ತಾರಸಿಗೆ, ಅಪಾರ್ಟ್‌ಮೆಂಟಿನ ಪೋಡಿಯಂಗೆ (ಪಾರ್ಕಿಂಗ್ ಮೇಲಿನ ಅಂಗಳದ ಸ್ಲ್ಯಾಬು), ಬೇಸ್‌ಮೆಂಟ್ ಹೊರಗೋಡೆಗೆ ಒಳ್ಳೆಯದು.

ಪ್ರಾಣ ಇರುವುದು ಜೋಡಣೆಯಲ್ಲಿ. ಪಕ್ಕದ ಹಾಳೆಯ ಮೇಲೆ ನಾಲ್ಕು ಇಂಚು, ತುದಿಯಲ್ಲಿ ಆರು ಇಂಚು ಹತ್ತಿರಬೇಕು. ಬೆಂಕಿ ಹಿಡಿದಾಗ ಅಂಚಿನಿಂದ ಕರಗಿದ ಡಾಂಬರು ಸಣ್ಣ ಪಟ್ಟಿಯಾಗಿ ಹೊರಗೆ ಬಂದಿರಬೇಕು. ಬರದಿದ್ದರೆ ಅಲ್ಲಿ ಅಂಟಿಲ್ಲ. ಸಾದಾ ಕಪ್ಪು ಹಾಳೆಯನ್ನು ಬಿಸಿಲಿಗೆ ಬಿಡಬಾರದು, ಗಾರೆ ಮುಚ್ಚಬೇಕು. ಮುಚ್ಚುವುದಿಲ್ಲ ಅಂದರೆ ಮೇಲೆ ಕಲ್ಲುಪುಡಿ ಅಂಟಿಸಿದ ಬಗೆ ತೆಗೆದುಕೊಳ್ಳಿ. ಮೂಲೆಗಳು ಜಾಸ್ತಿ ಇರುವ ಚಿಕ್ಕ ಮನೆಯ ತಾರಸಿಗೆ ನಾನು ಇದನ್ನು ಹೇಳುವುದಿಲ್ಲ.

ನಮ್ಮದು ಮಲೆನಾಡು. ಸುಮ್ನೆ ಮೇಲೆ ಶೀಟ್ ಹಾಕಿಸಿಬಿಟ್ಟರೆ?

ಹಾಕಿಸಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟಿ ಮಳೆ ಬೀಳುತ್ತದೆ, ಮಂಗಳೂರಿನಲ್ಲಿ 3,500 ದಾಟುತ್ತದೆ, ಬೆಂಗಳೂರಿನಲ್ಲಿ ಸಾವಿರದ ಆಸುಪಾಸು. ಮೂರು ನಾಲ್ಕು ತಿಂಗಳು ಬಿಸಿಲೇ ಕಾಣದ ಊರಿನಲ್ಲಿ ಚಪ್ಪಟೆ ತಾರಸಿಯನ್ನು ಕೋಟಿಂಗಿನ ಮೇಲೆ ನಂಬಿ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಹಿರಿಯರು ಅಲ್ಲಿ ಹೆಂಚಿನ ಇಳಿಜಾರು ಮಾಡು ಕಟ್ಟಿದ್ದು ಅದಕ್ಕೇ. ಬಯಲುಸೀಮೆಯ ಮಣ್ಣಿನ ಮಾಳಿಗೆ ಅಲ್ಲಿ ಒಂದು ಮಳೆಗಾಲ ನಿಲ್ಲುತ್ತಿರಲಿಲ್ಲ.

ಶೀಟು ಪ್ಯಾರಾಪೆಟ್ ದಾಟಿ ಎರಡು ಅಡಿ ಹೊರಗೆ ಚಾಚಲಿ. ಗಾಳಿ ಮಳೆ ಪಡುವಣ ಮತ್ತು ತೆಂಕಣ ದಿಕ್ಕಿನಿಂದ ಹೊಡೆಯುವುದರಿಂದ ಆ ಕಡೆ ಇನ್ನೂ ಸ್ವಲ್ಪ ಜಾಸ್ತಿ. ಕಂಬ ನಿಲ್ಲಿಸಲು ಸ್ಲ್ಯಾಬಿಗೆ ಬೋಲ್ಟ್ ಕೊರೆಯುವಾಗ ಎಚ್ಚರ. ಆ ತೂತಿನಿಂದಲೇ ಸೋರಿಕೆ ಶುರುವಾದ ಮನೆಗಳಿವೆ.

ಬಚ್ಚಲಿನಿಂದ ಕೆಳಗಿನ ಮನೆಗೆ ಸೋರುತ್ತಿದೆ. ಟೈಲ್ಸ್ ಒಡೆಯದೆ ಆಗುತ್ತಾ?

ಕೆಲವು ಸಲ. ಟೈಲ್ಸಿನ ಸಂದಿಯಿಂದ ಮಾತ್ರ ನೀರು ಇಳಿಯುತ್ತಿದ್ದರೆ ಹಳೇ ಗ್ರೌಟ್ (ಸಂದಿಗೆ ತುಂಬುವ ಮಾಲು) ಕೆರೆದು ಎಪಾಕ್ಸಿ ಗ್ರೌಟ್ ತುಂಬಿಸಿದರೆ ನಿಲ್ಲುತ್ತದೆ. ಮೋರಿಯ ಟ್ರ್ಯಾಪ್ ಸುತ್ತ, ಕಮೋಡಿನ ಬುಡದಲ್ಲಿ ಸಂದಿ ಇದೆಯಾ ನೋಡಿ. ಒಳಗಿನ ಪೈಪೇ ಸೋರುತ್ತಿದ್ದರೆ ಒಡೆಯದೆ ದಾರಿ ಇಲ್ಲ.

ಹೊಸದಾಗಿ ಮಾಡಿಸುವವರು ಈ ಕ್ರಮ ಬಿಡಬೇಡಿ. ಮೊದಲು ಎಲ್ಲಾ ಪೈಪು ಹಾಕಿ, ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷೆ. ಸ್ಲ್ಯಾಬು ದಾಟುವ ಪೈಪಿನ ಸುತ್ತ ಕುಗ್ಗದ ಗ್ರೌಟ್. ಮೂಲೆ ಗುಂಡಗೆ. ಆಮೇಲೆ ಪುಡಿ ಮತ್ತು ಹಾಲಿನಂಥ ದ್ರಾವಣ ಎರಡನ್ನೂ ಕಲಸಿ ಬಳಿಯುವ ಸಿಮೆಂಟ್-ಪಾಲಿಮರ್ ಕೋಟಿಂಗ್, ಎರಡು ಸಲ, ಮೊದಲನೆಯದು ಉದ್ದಕ್ಕೆ ಎರಡನೆಯದು ಅಡ್ಡಕ್ಕೆ. ಬಚ್ಚಲಿಗೆ ಇದೇ ಸರಿ, ಯಾಕೆಂದರೆ ಇದರ ಮೇಲೆ ಗಾರೆಯೂ ಟೈಲ್ಸೂ ಹಿಡಿಯುತ್ತದೆ. ಪಿಯು ಮೇಲೆ ಹಾಗೆ ಹಿಡಿಯುವುದಿಲ್ಲ, ಮರಳು ಉದುರಿಸಿ ಒರಟು ಮಾಡಬೇಕಾಗುತ್ತದೆ. ಇನ್ನೊಂದು ವ್ಯತ್ಯಾಸ: ಅಕ್ರಿಲಿಕ್, ಪಿಯುಗೆ ಒಣ ಮೈ ಬೇಕು, ಇದಕ್ಕೆ ನೆನೆದ ಮೈ ಬೇಕು. ನೀರು ಚಿಮುಕಿಸಿ, ನಿಂತ ನೀರು ಒರೆಸಿ, ಆಮೇಲೆ ಬಳಿಯಬೇಕು. ಗೋಡೆಯ ಮೇಲೆ ಎಲ್ಲಾ ಕಡೆ ಒಂದಡಿ, ಷವರ್ ಇರುವ ಕಡೆ ಆರೇಳು ಅಡಿ ಹತ್ತಲಿ.

ಒಣಗಿದ ಮೇಲೆ 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಸ್ಲ್ಯಾಬನ್ನು ನೀವೇ ಹೋಗಿ ಕೈಯಿಟ್ಟು ನೋಡಿ. ಆಮೇಲೆ ಸಂಕನ್ ತಗ್ಗನ್ನು ತುಂಬುವ ಕೆಲಸ. ಈ ಪರೀಕ್ಷೆ ಆದ ಮೇಲೆ ಪ್ಲಂಬರ್ ಒಂದೇ ಒಂದು ತೂತು ಕೊರೆದರೂ ಎಲ್ಲಾ ವ್ಯರ್ಥ. ಸಂಕನ್ ಭಾಗದ ತಳದಿಂದ ಹೊರಗೆ ಒಂದು ಸಣ್ಣ ಪೈಪು ಬಿಟ್ಟಿರಿ. ಎಂದಾದರೂ ಒಳಗೆ ನೀರು ಸೇರಿದರೆ ಅಲ್ಲಿ ತೊಟ್ಟಿಕ್ಕಿ ಮುನ್ಸೂಚನೆ ಕೊಡುತ್ತದೆ.

ಸಂಪಿಗೆ ಒಳಗೆ ಬಳಿಯಬೇಕಾ, ಹೊರಗಾ?

ನೀರು ಒತ್ತುವ ಕಡೆ ಬಳಿದರೆ ಪದರವನ್ನು ನೀರೇ ಗೋಡೆಗೆ ಅದುಮುತ್ತದೆ. ಎದುರು ಕಡೆ ಬಳಿದರೆ ನೀರು ಅದನ್ನು ತಳ್ಳಿ ಎಬ್ಬಿಸುತ್ತದೆ. ಸಂಪು ತುಂಬಿದ್ದಾಗ ನೀರು ಒಳಗಿನಿಂದ ಹೊರಗೆ ಒತ್ತುತ್ತದೆ. ಮಳೆಗಾಲದಲ್ಲಿ ಖಾಲಿಯಾಗಿದ್ದಾಗ ಸುತ್ತಲಿನ ಮಣ್ಣಿನ ನೀರು ಒಳಕ್ಕೆ ಒತ್ತುತ್ತದೆ. ನೀರಿನ ಮಟ್ಟ ಮೇಲಿರುವ ಜಾಗದಲ್ಲಿ ಎರಡೂ ಕಡೆ ಬಳಿಯಿರಿ, ಮಣ್ಣು ತುಂಬುವ ಮೊದಲೇ.

ಕಾಂಕ್ರೀಟ್ ಸಂಪಿಗೆ ಕ್ರಿಸ್ಟಲೈನ್ ಅನ್ನುವ ಬಗೆ ಬಹಳ ಒಳ್ಳೆಯದು. ಅದು ಪದರವಾಗಿ ಕೂರುವುದಲ್ಲ. ಕಾಂಕ್ರೀಟಿನೊಳಗೆ ಇಳಿದು, ಸಿಮೆಂಟ್ ಮತ್ತು ತೇವದ ಜೊತೆ ಸೇರಿ ರಂಧ್ರಗಳಲ್ಲಿ ಹರಳು ಬೆಳೆಸುತ್ತದೆ. ಹಾಗಾಗಿ ಸಿಪ್ಪೆ ಏಳುವ ಮಾತೇ ಇಲ್ಲ, ಯಾವ ಕಡೆ ಬಳಿದರೂ ಕೆಲಸ ಮಾಡುತ್ತದೆ. ಆದರೆ ಕೂದಲೆಳೆ ಬಿರುಕಿಗಷ್ಟೇ. ಸಾಲಿಡ್ ಬ್ಲಾಕಿನಲ್ಲಿ ಕಟ್ಟಿ ಗಾರೆ ಮೆತ್ತಿದ ಸಂಪಿಗೆ ಇದು ಆಗುವುದಿಲ್ಲ, ಅಲ್ಲಿ ಸಿಮೆಂಟ್-ಪಾಲಿಮರ್ ಬೇಕು. ಹುಬ್ಬಳ್ಳಿ, ಗದಗದ ಕಡೆಯ ಎರೆ ಮಣ್ಣಿನಲ್ಲಿ ಬ್ಲಾಕಿನ ಸಂಪೇ ಬೇಡ. ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಗೋಡೆ ಸೀಳದೆ ಇರುವುದಿಲ್ಲ.

ಮುಚ್ಚಿದ ಸಂಪಿನೊಳಗೆ ಥಿನ್ನರ್ ವಾಸನೆಯ ಮಾಲನ್ನು ಬಳಸಲು ಬಿಡಬೇಡಿ. ಆ ಆವಿ ಜೀವಕ್ಕೇ ಅಪಾಯ. ನೀರಿನಲ್ಲಿ ಕಲಸುವ ಬಗೆಯೇ ಇರಲಿ, ಫ್ಯಾನ್ ಇಟ್ಟು ಗಾಳಿ ಆಡಿಸಿ, ಮೇಲೆ ಒಬ್ಬರು ಕಾವಲಿರಲಿ. ಮಾಲಿನ ಮೇಲೆ ಕುಡಿಯುವ ನೀರಿಗೆ ಯೋಗ್ಯ ಅಂತ ಬರೆದಿರಬೇಕು.

ಬೇಸ್‌ಮೆಂಟ್ ಪಾರ್ಕಿಂಗ್ ಗೋಡೆಯಲ್ಲಿ ನೀರು ಚಿಮ್ಮುತ್ತಿದೆ. ಹೊರಗಡೆ ಅಗೆಯೋಕಾಗಲ್ಲ.

ಬಿರುಕಿನ ಎರಡೂ ಬದಿ ಓರೆಯಾಗಿ ತೂತು ಕೊರೆದು, ನಳಿಕೆ ಕೂರಿಸಿ, ಪಿಯು ಇಂಜೆಕ್ಷನ್ ಕೊಡಿಸಿ. ಅದು ನೀರು ತಾಗಿದ ಕೂಡಲೇ ನೊರೆಯಾಗಿ ಉಬ್ಬಿ ದಾರಿ ಮುಚ್ಚುತ್ತದೆ. ಸೋರಿಕೆ ನಿಂತ ಮೇಲೆ ಒಳಗಿನಿಂದ ಕ್ರಿಸ್ಟಲೈನ್ ಬಳಿಸಿ. ಬಿರುಕು ಕಟ್ಟಡದ ಬಲಕ್ಕೇ ಸಂಬಂಧಪಟ್ಟಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಮುಟ್ಟಬೇಡಿ.

ಗೋಡೆಯ ಕೆಳಭಾಗ ಹಸಿಯಾಗಿ ಪೇಂಟ್ ಉದುರುತ್ತೆ. ಟೈಲ್ಸ್ ಅಂಟಿಸಿಬಿಡಲಾ?

ಬೇಡ. ಹಾಗೆ ಮುಚ್ಚಿದರೆ ಆರಲು ಜಾಗವಿಲ್ಲದ ತೇವ ಇನ್ನೂ ಮೇಲಕ್ಕೆ ಏರುತ್ತದೆ. ಮೊದಲು ಹೊರಗಿನ ಅಂಗಳದ ಮಟ್ಟ ನೋಡಿ. ವರ್ಷ ವರ್ಷ ಮಣ್ಣು, ಕಾಂಕ್ರೀಟು ಹಾಕಿ ಒಳನೆಲದ ಮಟ್ಟಕ್ಕೇ ಬಂದಿರುತ್ತದೆ. ಕನಿಷ್ಠ ಆರು ಇಂಚು ತಗ್ಗಿಸಿ, ಗೋಡೆಯಿಂದ ಆಚೆಗೆ ವಾಟ ಕೊಡಿ. ಬರೀ ಇಷ್ಟಕ್ಕೇ ಸರಿಹೋದ ಮನೆಗಳಿವೆ. ಸರಿಹೋಗದಿದ್ದರೆ ಮೂರು ನಾಲ್ಕು ಅಡಿವರೆಗೆ ಹಳೇ ಗಾರೆ ಕೆತ್ತಿ, ನೆಲದ ಹತ್ತಿರದ ಗಾರೆ ಸಾಲಿನಲ್ಲಿ ನಾಲ್ಕು ಇಂಚಿಗೊಂದರಂತೆ ತೂತು ಕೊರೆದು, ತೇವ ಮೇಲೇರದ ಹಾಗೆ ತಡೆಯುವ ಸಿಲೇನ್ ಕ್ರೀಮ್ ತುಂಬಿಸಬೇಕು. ಗೋಡೆ ಒಣಗಲು ತಿಂಗಳುಗಳೇ ಬೇಕು, ಅಷ್ಟರವರೆಗೆ ಪೇಂಟ್ ಬೇಡ.

ಪಕ್ಕದ ಮನೆಗೂ ನಮ್ಮ ಗೋಡೆಗೂ ನಡುವೆ ಕೈ ತೂರುವಷ್ಟೂ ಜಾಗವಿಲ್ಲ. ಆ ಗೋಡೆ ಒದ್ದೆ.

ಬೆಂಗಳೂರಿನ 30x40, 20x30 ಸೈಟುಗಳ ಕಥೆ ಇದು. ಆ ಗೋಡೆಗೆ ಹೊರಗಾರೆಯೇ ಬಿದ್ದಿರುವುದಿಲ್ಲ. ಎರಡು ತಾರಸಿಯ ನೀರೂ ಆ ಸಂದಿಗೆ ಇಳಿಯುತ್ತದೆ. ಒಳಗಿನಿಂದ ಏನು ಬಳಿದರೂ ನೀರಿನ ಎದುರು ಕಡೆಯಿಂದ ಬಳಿದ ಹಾಗೆ, ಬೇಗ ಏಳುತ್ತದೆ. ಮದ್ದು ಮೇಲಿದೆ: ಸಂದಿಯ ಬಾಯಿಗೆ ಎರಡೂ ಪ್ಯಾರಾಪೆಟ್ ಸೇರಿಸಿ ತಗಡಿನ ಟೊಪ್ಪಿ ಹಾಕುವುದು. ಒಂದು ಅಂಚು ನಿಮ್ಮ ಗೋಡೆಗೆ, ಇನ್ನೊಂದು ಅವರ ಗೋಡೆಗೆ, ನಡುವೆ ಹಿಗ್ಗಲು ಕುಗ್ಗಲು ಸ್ವಲ್ಪ ಬಾಗು, ಅಂಚಿಗೆ ಪಿಯು ಸೀಲೆಂಟ್. ಪಕ್ಕದ ಮನೆಯವರನ್ನು ಕೂರಿಸಿಕೊಂಡು ಮಾತಾಡಿ, ಅವರ ಗೋಡೆಯೂ ಒದ್ದೆಯಾಗಿಯೇ ಇರುತ್ತದೆ, ಖರ್ಚು ಅರ್ಧ ಅರ್ಧ ಆಗುತ್ತದೆ.

ಅಜ್ಜನ ಕಾಲದ ಮದ್ರಾಸ್ ತಾರಸಿ ಮನೆ. ಏನು ಮಾಡಲಿ?

ಮರದ ತೊಲೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆ, ಸುಣ್ಣದ ಗಚ್ಚು. ಅದರ ಮೇಲೆ ಸಿಮೆಂಟ್ ಗಾರೆ ಎಳೆಯಬೇಡಿ. ಸುಣ್ಣ ಮೆತ್ತಗಿದೆ, ಉಸಿರಾಡುತ್ತದೆ. ಸಿಮೆಂಟು ಗಡುಸು, ಬಿರುಕು ಬಿಟ್ಟು ನೀರನ್ನು ಒಳಗೆ ಬಿಟ್ಟು ವಾಪಸ್ ಆರಲು ಬಿಡುವುದಿಲ್ಲ, ತೊಲೆ ಕೊಳೆಯುತ್ತದೆ. ಬೆಲ್ಲ, ಅಳಲೆಕಾಯಿ ನೀರು ಬೆರೆಸಿದ ಸುಣ್ಣದ ಗಚ್ಚಿನಿಂದಲೇ ದುರಸ್ತಿ ಮಾಡುವ ಕೆಲಸಗಾರರು ಇನ್ನೂ ಸಿಗುತ್ತಾರೆ, ಹುಡುಕಿ. ಅಂಥ ಮಾಳಿಗೆ ಉಳಿಸಿಕೊಳ್ಳಲು ಪಟ್ಟ ಶ್ರಮ ಖಂಡಿತ ಸಾರ್ಥಕ.

ಕೊಟೇಶನ್ನಿನಲ್ಲಿ ಏನು ನೋಡಬೇಕು? 10 ವರ್ಷ ಗ್ಯಾರಂಟಿ ಅಂತಾರೆ.

"ಚದರ ಅಡಿಗೆ ಎಷ್ಟು?" ಅನ್ನುವುದಕ್ಕಿಂತ ಮೊದಲು "ಎಷ್ಟು ಕೆ.ಜಿ. ಮಾಲು?" ಅಂತ ಕೇಳಿ. ಡಬ್ಬಿಯ ಮೇಲೆ ಒಂದು ಕೆ.ಜಿ.ಗೆ ಎರಡು ಕೋಟಿನಲ್ಲಿ 8 ಚದರ ಅಡಿ ಅಂತ ಇದ್ದರೆ 1,000 ಚದರ ಅಡಿಗೆ 125 ಕೆ.ಜಿ. ಬೇಕು, ಅಂದರೆ 20 ಕೆ.ಜಿ.ಯ ಬಕೆಟ್ ಆರಕ್ಕಿಂತ ಜಾಸ್ತಿ. ಸೈಟಿಗೆ ಮೂರೇ ಬಂದರೆ ಉಳಿದದ್ದು ನೀರು. ಖಾಲಿ ಬಕೆಟ್‌ಗಳನ್ನು ಎಣಿಸಿ, ಕೆಲಸ ಮುಗಿಯುವ ತನಕ ಹೊರಗೆ ಹೋಗಲು ಬಿಡಬೇಡಿ. ಮೈ ಉಜ್ಜಿ ತೊಳೆಯುವುದು, ಬಿರುಕು ಬಿಡಿಸಿ ತುಂಬುವುದು, ಮೂಲೆ, ಪ್ರೈಮರ್, ನೀರು ನಿಲ್ಲಿಸುವ ಪರೀಕ್ಷೆ, ಇವೆಲ್ಲ ಬೇರೆ ಬೇರೆ ಸಾಲಿನಲ್ಲಿ ಬರೆದಿರಬೇಕು. ಗ್ಯಾರಂಟಿ ಕಾಗದದಲ್ಲಿ ಮತ್ತೆ ಸೋರಿದರೆ ಕೂಲಿ ಯಾರದು, ಮಾಲು ಯಾರದು, ಮೇಲಿನ ಟೈಲ್ಸ್ ಒಡೆಯಬೇಕಾದರೆ ಅದು ಯಾರದು ಅಂತ ಇದೆಯಾ ಓದಿ.

ಸ್ಲ್ಯಾಬಿನ ಕೆಳಗೆ ಕಾಂಕ್ರೀಟು ಉದುರಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತಿದ್ದರೆ ಕೊಟೇಶನ್ನೇ ತರಿಸಬೇಡಿ. ಮೊದಲು ಕಬ್ಬಿಣ, ಕಾಂಕ್ರೀಟಿನ ದುರಸ್ತಿ, ಆಮೇಲೆ ವಾಟರ್‌ಪ್ರೂಫಿಂಗ್.

ಸೋಲಾರ್ ಹಾಕಿಸ್ತೀವಿ, ಕುಂಡನೂ ಇಡ್ತೀವಿ. ತೊಂದರೆನಾ?

ಸೋಲಾರ್ ಸ್ಟ್ಯಾಂಡನ್ನು ಸ್ಲ್ಯಾಬಿಗೆ ಬೋಲ್ಟ್ ಹಾಕಿ ಕೂರಿಸಬೇಡಿ, ಕಾಂಕ್ರೀಟ್ ದಿಮ್ಮಿಯ ಮೇಲೆ ಕೂರಿಸಿ. ಕುಂಡ ಸ್ಟ್ಯಾಂಡಿನ ಮೇಲಿರಲಿ, ಕೆಳಗೆ ಪೊರಕೆ ಆಡುವಷ್ಟು ಜಾಗವಿರಲಿ.

ಯಾವ ತಿಂಗಳು ಮಾಡಿಸೋದು?

ಒಳನಾಡಿನಲ್ಲಿ ಜನವರಿಯಿಂದ ಮಾರ್ಚ್. ಏಪ್ರಿಲ್ ನಂತರ ಅಡ್ಡಮಳೆ ನಂಬಲಾಗದು. ಕರಾವಳಿ, ಮಲೆನಾಡಿನಲ್ಲಿ ಡಿಸೆಂಬರಿನಲ್ಲೇ ಶುರು ಮಾಡಬಹುದು. ಬೆಂಗಳೂರಿನವರು ಮುಂಗಾರಿಗಷ್ಟೇ ತಯಾರಾದರೆ ಸಾಲದು, ಅಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ.

ಈಗ ಮಳೆ ಸುರೀತಿದೆ, ಸೋರ್ತಿದೆ. ಇವತ್ತು ಏನು ಮಾಡಲಿ?

ಆ ಕೋಣೆಯ ಕರೆಂಟ್ ಮೇನಿನಲ್ಲೇ ಆರಿಸಿ. ತಾರಸಿಗೆ ಹೋಗಿ ಪೈಪಿನ ಬಾಯಿಯ ಎಲೆ, ಕಸ ತೆಗೆಯಿರಿ, ಅರ್ಧ ಸೋರಿಕೆ ಅಲ್ಲೇ ಕಡಿಮೆಯಾಗಬಹುದು. ಟಾರ್ಪಾಲು ಹಾಕುವುದಾದರೆ ಪ್ಯಾರಾಪೆಟ್ ಮೇಲಿಂದ ಆಚೆಗೆ ಇಳಿಬಿಡಿ. ನಡುವೆ ನಿಲ್ಲಿಸಿದರೆ ಅದರ ಅಂಚಿನಲ್ಲೇ ನೀರು ನಿಂತು ಇಳಿಯುತ್ತದೆ. ಒದ್ದೆ ತಾರಸಿಗೆ ಯಾರೇನೇ ಹೇಳಿದರೂ ಕೋಟಿಂಗ್ ಬಳಿಸಬೇಡಿ. ಮಳೆ ಬಿಟ್ಟ ಗಂಟೆಗಳಲ್ಲಿ ಕಣ್ಣಿಗೆ ಕಾಣುವ ಬಿರುಕಿಗೆ ಸಿಮೆಂಟ್-ಪಾಲಿಮರ್ ತುಂಬಬಹುದು, ಅದು ಹಸಿ ಮೈಗೂ ಹಿಡಿಯುತ್ತದೆ. ಆಮೇಲೆ ಕೆಳಗೆ ಬಂದು, ಚಾವಣಿಯಲ್ಲಿ ಒದ್ದೆಯಾದ ಜಾಗದ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ, ಫೋಟೊ ತೆಗೆದಿಡಿ. ಪ್ರತಿ ಜೋರು ಮಳೆಗೂ ಹೀಗೇ ಮಾಡಿ. ಜನವರಿಯಲ್ಲಿ ಎಲ್ಲಾ ಒಣಗಿ ಕೆಲಸದವರು ಬಂದು ನಿಂತಾಗ ಎಲ್ಲಿಂದ ಹುಡುಕಬೇಕು ಅಂತ ಆ ಗೆರೆಗಳನ್ನು ತೋರಿಸಿ.